ಕರ್ಪೂರ ಆರುವವರೆಗೆ

ಹೋದ ತಿಂಗಳು ಎನ್.ಆರ್. ಕಾಲೋನಿಯ ಗ್ಯಾರೇಜೊಂದರಲ್ಲಿ ನನ್ನ ಸ್ಕೂಟರಿನ ಗೇರ್ ಆಯಿಲ್ ಬದಲಿಸುತ್ತಿದ್ದರು. ಹಳೆಯ ಎಣ್ಣೆ ಡಬ್ಬಿಗೆ ಬಿದ್ದು ವಾಸನೆ ಮೇಲೆದ್ದದ್ದೇ ತಡ, ನನ್ನ ಕಣ್ಣು ಒದ್ದೆಯಾಯಿತು. ಮೆಕ್ಯಾನಿಕ್ಕು ಗಾಬರಿಯಾಗಿ, "ಗಾಡಿಗೇನೂ ಆಗಿಲ್ಲ ಗುರು, ಬರೀ ಆಯಿಲ್ಲು" ಎಂದು ಸಮಾಧಾನ ಮಾಡಿದ. ಬೇರೆಯವರಿಗೆ ಬಾಲ್ಯವೆಂದರೆ ಮಲ್ಲಿಗೆಯ ವಾಸನೆ, ಹುರಿದ ಕಾಫಿ ಬೀಜದ ವಾಸನೆ. ನಿಮಗೂ ಅಂಥದ್ದೊಂದು ಇರಬಹುದು, ಪುಣ್ಯವಂತರು. ನನ್ನ ಪಾಲಿಗೆ ಬಂದದ್ದು ಗೇರ್ ಆಯಿಲ್, ಸೀಮೆಎಣ್ಣೆ ಮತ್ತು ಬಿಸಿಲಿಗೆ ಕಾದ ತಗಡು ಸೇರಿದ ವಾಸನೆ. ಅದು ಚಾಮರಾಜಪೇಟೆಯ ನಮ್ಮ ಹಿತ್ತಿಲಿನದು. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ, ಹಿತ್ತಿಲಿದ್ದ ಜಾಗದಲ್ಲಿ ಲಿಫ್ಟು ಹತ್ತಿ ಇಳಿಯುತ್ತದೆ. ಅಕ್ಕಪಕ್ಕದವರ ಹಿತ್ತಿಲಲ್ಲಿ ನುಗ್ಗೆಮರ, ಕರಿಬೇವು ಇರುತ್ತಿದ್ದವು. ನಮ್ಮದರಲ್ಲಿ ತಗಡಿನ ಶೆಡ್ಡಿನಡಿ ಒಂದು ಕೆಂಪು ಟ್ರ್ಯಾಕ್ಟರ್ ಇತ್ತು.

ಕೆಂಗೇರಿಯ ಆಚೆ ಇದ್ದ ನಮ್ಮ ಹೊಲ ಸೈಟುಗಳಾದಾಗ ತಾತ ಭೂಮಿ, ಬಾವಿ, ನೇಗಿಲು ಎಲ್ಲವನ್ನೂ ಬಿಟ್ಟುಕೊಟ್ಟು, ಟ್ರ್ಯಾಕ್ಟರ್ ಮಾತ್ರ ಕೊಡಲಿಲ್ಲವಂತೆ. ಅಜ್ಜಿಯನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿ, ಅವಳ ಮಡಿಲಿಗೆ ಉಪ್ಪಿನಕಾಯಿ ಜಾಡಿ ಕೊಟ್ಟು, ಮೈಸೂರು ರಸ್ತೆಯುದ್ದಕ್ಕೂ ತಾವೇ ಓಡಿಸಿಕೊಂಡು ಬಂದರು. ಉಳಲು ನೆಲವಿಲ್ಲದ ಟ್ರ್ಯಾಕ್ಟರನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ನನ್ನ ದೊಡ್ಡಪ್ಪ ಕೇಳಿದ್ದಕ್ಕೆ ಒಂದು ನಿಯಮ ಮಾಡಿದರು. ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳುಗಳಿರುತ್ತವೆ. ಸೀಟಿನ ಪಕ್ಕದ ಲಿವರ್ ಎಳೆದರೆ ಎಣ್ಣೆಯ ಒತ್ತಡಕ್ಕೆ ಅವು ನೇಗಿಲನ್ನು ಎತ್ತಿ ಹಿಡಿಯುತ್ತವೆ. ಇದೇ ಹೈಡ್ರಾಲಿಕ್ಕು. ಪ್ರತಿ ಆಯುಧಪೂಜೆಗೆ ಆ ತೋಳುಗಳಿಗೆ ಒಂದು ಹಲಗೆ ಕಟ್ಟಬೇಕು, ನೇಗಿಲಿಲ್ಲವಾದ್ದರಿಂದ ಮನೆಯ ಅತಿ ಭಾರದ ಇಬ್ಬರು ಅದರ ಮೇಲೆ ಕೂರಬೇಕು, ಮಂಗಳಾರತಿಯ ಕರ್ಪೂರ ಆರುವವರೆಗೆ ಹಲಗೆ ಮೇಲೆಯೇ ನಿಲ್ಲಬೇಕು. "ಎತ್ತೋಷ್ಟು ದಿನ ಇರುತ್ತೆ. ಎತ್ಲಿಲ್ಲ ಅಂದ್ರೆ ನಾನೇ ಗುಜರಿಯವ್ನನ್ನ ಕರೀತೀನಿ" ಎಂದಿದ್ದರು ತಾತ. ಭಾರದ ಇಬ್ಬರು ಯಾರೆಂಬ ಬಗ್ಗೆ ನಮ್ಮಲ್ಲಿ ಎಂದೂ ಚುನಾವಣೆ ನಡೆಯಲಿಲ್ಲ. ದೊಡ್ಡಪ್ಪ ಮತ್ತು ದೊಡ್ಡಮ್ಮ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ನನಗೆ ಓದು ಬರುತ್ತಿರಲಿಲ್ಲ, ಆಟ ಬರುತ್ತಿರಲಿಲ್ಲ, ಸದ್ದು ಬರುತ್ತಿತ್ತು. ಸೈಟು ವ್ಯಾಪಾರದ ದೊಡ್ಡಪ್ಪ ಫೋನಿನಲ್ಲಿ ಗಿರಾಕಿಗಳನ್ನು ಒಪ್ಪಿಸುವ ದನಿ, ದೊಡ್ಡಮ್ಮ ಬಿಕ್ಕಳಿಸುವ ರೀತಿ, ಎಲ್ಲವನ್ನೂ ಹಾಗೇ ಅನುಕರಿಸಿ ತೋರಿಸುತ್ತಿದ್ದೆ. ಒಮ್ಮೆ ನಾನು ಹಾಕಿದ ಕುಕ್ಕರಿನ ಮೂರು ಸೀಟಿ ನಂಬಿ ಅಜ್ಜಿ ಒಲೆ ಆರಿಸಿ, ಇಡೀ ಮನೆ ಅಕ್ಕಿಯಂಥ ಅನ್ನ ತಿಂದಿತು. ಅಂದಿನಿಂದ ನನ್ನ ಹೆಸರು ಗಿಣಿ. ಇವತ್ತು ಮದುವೆ ಮನೆಗಳ ಆರತಕ್ಷತೆಯಲ್ಲಿ ಮಿಮಿಕ್ರಿ ಮಾಡಿ ಊಟ ಸಂಪಾದಿಸುವ ನನ್ನ ಕಲೆಯ ಆರಂಭ ಹೀಗೆ ಬೇಯದ ಅನ್ನದಿಂದ ಆಯಿತು.

ಆ ವರ್ಷ ಹಬ್ಬಕ್ಕೆ ವಾರವಿರುವಾಗ ತಾತ ಹಲಗೆ ಕಟ್ಟಿ ತಾಲೀಮು ನಡೆಸಿದರು. ದೊಡ್ಡಪ್ಪ ಒಬ್ಬರೇ ಕೂತಿದ್ದರು. ಎಂಜಿನ್ ಗುಡುಗಿತು, ತೋಳುಗಳು ನಡುಗಿದವು, ಹಲಗೆ ಗೇಣಷ್ಟು ಎದ್ದು ಅಲ್ಲಿಗೇ ನಿಂತಿತು. ದೊಡ್ಡಪ್ಪನ ಮುಖದಲ್ಲಿ ಖುಷಿಯೂ ಅವಮಾನವೂ ಒಟ್ಟಿಗೆ ಬಂದವು. ಶೆಡ್ಡು ಖಾಲಿಯಾದರೆ ಅವರ ಹೊಸ ಕಾರಿಗೆ ಜಾಗವಾಗುತ್ತಿತ್ತು. ಆದರೆ ಸೋತದ್ದಕ್ಕೆ ಕಾರಣ ಅವರ ಹೊಟ್ಟೆಯೆಂದು ದೊಡ್ಡಮ್ಮ ಆಗಲೇ ನಗಲು ಶುರುಮಾಡಿದ್ದರು. ತಾತ ಯಾರೊಂದಿಗೂ ಮಾತಾಡದೆ ಹಜಾರದ ಲ್ಯಾಂಡ್‌ಲೈನಿನಿಂದ ಮಾಗಡಿಯ ಬಾಷಾ ಸಾಬರಿಗೆ ಫೋನು ಮಾಡಿದರು. ಸಾಬರು ಆ ಟ್ರ್ಯಾಕ್ಟರನ್ನು ಮೂವತ್ತು ವರ್ಷ ನೋಡಿಕೊಂಡ ಮೆಕ್ಯಾನಿಕ್ಕು. ಈಗ ಮಂಡಿನೋವಿನಿಂದ ಮನೆ ಬಿಟ್ಟು ಬರುವಂತಿರಲಿಲ್ಲ. ಸದ್ದು ಹೇಗಿದೆ ಎಂದು ಕೇಳಿದರು. "ಅಳ್ತಾ ಇದೆ ಸಾಬ್ರೇ" ಎಂದರು ತಾತ. ಅಷ್ಟರಿಂದ ಸಾಬರಿಗೆ ಏನೂ ತಿಳಿಯಲಿಲ್ಲ. ಆಗ ತಾತ ರಿಸೀವರನ್ನು ನನ್ನ ಕೈಗೆ ಕೊಟ್ಟರು.

ನನ್ನ ಜೀವಮಾನದ ಮೊದಲ ಗಂಭೀರ ಪ್ರದರ್ಶನ ಅದು. ಉಸಿರೆಳೆದು, ಕಣ್ಣು ಮುಚ್ಚಿ, ಕೇಳಿದ್ದೆಲ್ಲವನ್ನೂ ಒಪ್ಪಿಸಿದೆ. ಎಂಜಿನ್ನಿನ ಗುಡುಗು, ನಡುವೆ "ಕುಂಯ್ಯ್" ಎಂಬ ಸಣ್ಣ ಅಳು, ಅದರ ಜೊತೆ "ಟಕಟಕಟಕ." ಚಪ್ಪಾಳೆ ಬರುತ್ತದೆಂದು ಕಾದೆ. "ಯಜಮಾನ್ರಿಗೆ ಕೊಡಪ್ಪ" ಎಂದರು ಸಾಬರು. ಟಕಟಕ ಎಂದರೆ ಪಂಪು ಒಳಗೇ ಒಡೆದುಹೋಗಿದೆಯೆಂದೂ, ಆ ಕಾಲದ ಪಂಪು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲವೆಂದೂ ಹೇಳಿದರಂತೆ. ತಾತ ರಿಸೀವರ್ ಇಟ್ಟು, ಹಬ್ಬದ ಮರುದಿನ ಬಾ ಎಂದು ಗುಜರಿಯವನಿಗೆ ಹೇಳಿಬಂದರು. ಆಮೇಲೆ ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಹೋಗುವವರಂತೆ ಹೊತ್ತು ಹೊತ್ತಿಗೆ ಶೆಡ್ಡಿಗೆ ಹೋಗಿ ಬರುತ್ತಿದ್ದರು.

ಎರಡು ದಿನದ ಮೇಲೆ, ನಾಚಿಕೆಯಿಲ್ಲದ ನಾನು ಅಡುಗೆಮನೆಯಲ್ಲಿ ಅದೇ ಐಟಂ ಮಾಡಿ ತೋರಿಸುತ್ತಿದ್ದೆ. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು.

"ಇನ್ನೊಂದ್ಸಲ ಮಾಡು" ಎಂದಳು. ಮಾಡಿದೆ.

"ಲೋ ಗಿಣಿ, ಆ ಟಕಟಕ ನಮ್ ಶೆಡ್ಡಿನ ತಗಡಲ್ವೇನೋ? ಗಾಡಿ ಶುರು ಮಾಡ್ದಾಗೆಲ್ಲ ನನ್ ತಲೆ ಮೇಲೆ ಹೊಡ್ಕೊಳ್ಳುತ್ತೆ."

ಪ್ರಾಮಾಣಿಕ ಕಲಾವಿದನ ಕಷ್ಟ ಇದು. ಮೊಳೆ ಸಡಿಲವಾಗಿದ್ದ ತಗಡನ್ನೂ ಬಿಡದೆ ನಾನು ಸೇರಿಸಿದ್ದೆ. ಅಜ್ಜಿಯ ಮಾತು ಕಿವಿಗೆ ಬಿದ್ದ ಕೂಡಲೇ ತಾತ ನನ್ನನ್ನು ಕತ್ತು ಹಿಡಿದೇ ಫೋನಿನ ಬಳಿಗೆ ಕರೆದೊಯ್ದರು. ಈ ಸಲ ತಗಡು ಬಿಟ್ಟು ಬರೀ ಅಳು ಕೇಳಿಸಿದೆ. ಸಾಬರು ನಕ್ಕ ಸದ್ದು ಹಜಾರಕ್ಕೆಲ್ಲ ಕೇಳಿತು. "ಪಂಪ್ ಚೆನ್ನಾಗೈತೆ ಯಜಮಾನ್ರೇ, ಎಣ್ಣೆ ಎಳ್ಕೊಳ್ಳಕ್ಕಾಗ್ದೆ ಒದ್ದಾಡ್ತೈತೆ. ಎಣ್ಣೆ ಸೋಸೋ ಜಾಲರಿ ಕಟ್ಕೊಂಡಿರ್ಬೇಕು ನೋಡಿ." ಎಣ್ಣೆ ಪೂರ್ತಿ ಇಳಿಸಿ, ಜಾಲರಿ ತೊಳೆದು, ಹೊಸದನ್ನು ತುಂಬಲು ಹೇಳಿದರು. ಕೊನೆಗೊಂದು ಪರೀಕ್ಷೆಯನ್ನೂ ಹೇಳಿದರು. ಭಾರ ಎತ್ತಿದ ಮೇಲೆ ಎಂಜಿನ್ ನಿಲ್ಲಿಸಿ ನೋಡಬೇಕು. ಆಗಲೂ ತೋಳು ನಿಂತರೆ ಸರಿ, ತಾನಾಗಿ ಇಳಿದರೆ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ಅದಕ್ಕೆ ಹಿಂಭಾಗವನ್ನೆಲ್ಲ ಬಿಚ್ಚಬೇಕು, ಬಿಚ್ಚಲು ಬರುವವರು ಈಗ ಯಾರೂ ಇಲ್ಲ. ಸಾಬರ ಈ ಮಾತನ್ನು ಅವರದೇ ಕೆಮ್ಮು ಸಮೇತ ನಾನು ಮನೆಮಂದಿಗೆಲ್ಲ ಮಾಡಿ ತೋರಿಸಿದೆ.

ಮರುದಿನ ಅಜ್ಜಿಯ ಸ್ಟೀಲ್ ಬಕೆಟ್ಟುಗಳಿಗೆ ಎಣ್ಣೆ ಇಳಿಯಿತು. ನೀರು ಸೇರಿ ಹಾಲು ಹೆಚ್ಚಾದ ಕಾಫಿಯಂತಾಗಿತ್ತು. ಜಾಲರಿಗೆ ಮೆತ್ತಿದ್ದ ಕಪ್ಪು ಗಸಿಯನ್ನು ತಾತ ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಬ್ರಷ್ಷು ದೊಡ್ಡಪ್ಪನದೆಂದು ಆಮೇಲೆ ತಿಳಿಯಿತು, ದೊಡ್ಡಪ್ಪನಿಗೂ.

ಹಬ್ಬದ ದಿನ ಚೆಂಡುಹೂವಿನ ಹಾರ, ಕುಂಬಳಕಾಯಿ ಎಲ್ಲ ಆಯಿತು. ಎಂಜಿನ್ ಓಡುತ್ತಿತ್ತು. ತಾತ ಲಿವರ್ ಎಳೆದರು. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಕೈಮುಗಿದ ಭಂಗಿಯಲ್ಲೇ ಸೊಂಟದೆತ್ತರಕ್ಕೆ ಏರಿದರು. ಅಜ್ಜಿ ತಟ್ಟೆ ಬೆಳಗಿದಳು. ಕರ್ಪೂರ ಉರಿದು, ಸಣ್ಣದಾಗಿ, ಆರಿತು. ಹಲಗೆ ಅಲ್ಲಾಡಲಿಲ್ಲ. ಗುಜರಿಯವನು ಬರುವುದು ಬೇಡವೆಂದು ದೊಡ್ಡಪ್ಪನೇ ಮೇಲಿನಿಂದ ಘೋಷಿಸಿ, ಮೊದಲು ತಮ್ಮನ್ನು ಇಳಿಸಬೇಕೆಂದು ಕೇಳಿಕೊಂಡರು.

ಎಲ್ಲರೂ ಊಟಕ್ಕೆ ಒಳಗೆ ಹೋದರು. ತಾತ ಹೋಗಲಿಲ್ಲ. ತಾವೇ ಹಲಗೆಯ ಮೇಲೆ ಕೂತು, ನನ್ನಿಂದ ಲಿವರ್ ಎಳೆಸಿ ಮೇಲೇರಿ, ಎಂಜಿನ್ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಹಿತ್ತಿಲು ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ತಾತ ಕಾಲು ಇಳಿಬಿಟ್ಟು, ಮಡಿಲಲ್ಲಿ ಕೈಯಿಟ್ಟು, ಬಸ್ಸಿಗೆ ಕಾಯುವವರಂತೆ ಕೂತಿದ್ದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಅವರ ಚಪ್ಪಲಿಗೂ ನೆಲಕ್ಕೂ ನಡುವಿನ ಬೆಳಕು ಕಡಿಮೆಯಾಗಿತ್ತು. ಕೂದಲೆಳೆಯಷ್ಟಷ್ಟೇ, ಒಂದು ಚೂರೂ ಸದ್ದಿಲ್ಲದೆ, ಹಲಗೆ ಇಳಿಯುತ್ತಿತ್ತು. ಅಂಗಾಲು ನೆಲಕ್ಕೆ ಪೂರ್ತಿ ತಾಗುವವರೆಗೂ ತಾತ ಏಳಲಿಲ್ಲ. ಎದ್ದು, ಹೆಗಲ ಟವೆಲಿನಿಂದ ಆ ತೋಳನ್ನು ಒರೆಸಿದರು. ನಾವಿಬ್ಬರೂ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿದೆವು. ಯಾರಿಗೂ ಹೇಳಬೇಡವೆಂದು ಅವರು ನನಗೆ ಹೇಳಲಿಲ್ಲ.

ಎಲೆಯ ಮುಂದೆ ಕೂತಾಗ ದೊಡ್ಡಪ್ಪ ನನ್ನತ್ತ ಬಗ್ಗಿದರು. ನನ್ನ ಬಾಯಲ್ಲಿ ಏನೂ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ಏನೋ ಗಿಣಿ, ಸಾಬರು ಹೇಳಿದ್ರಲ್ಲ, ಎಂಜಿನ್ ಆಫ್ ಮಾಡಿ ನೋಡಿದ್ರಾ? ನಿಂತ್ಕೊಳ್ತಾ?"

ಸಾರು ಬಡಿಸುತ್ತಿದ್ದ ಅಜ್ಜಿ ಸೌಟು ಹಿಡಿದು ನಿಂತಳು. ತಾತ ತಮ್ಮ ಎಲೆಯ ಉಪ್ಪನ್ನೇ ನೋಡುತ್ತಿದ್ದರು.

"ನಿಂತ್ಕೊಳ್ತು ದೊಡ್ಡಪ್ಪ" ಎಂದೆ. "ಅಲ್ಲಾಡ್ಲಿಲ್ಲ."

ಯಾರ ದನಿಯನ್ನೂ ಅನುಕರಿಸದೆ, ನನ್ನ ದನಿಯಲ್ಲೇ ಹೇಳಿದೆ. ತಾತ ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಪಾಲಿನ ಒಬ್ಬಟ್ಟನ್ನು ಎತ್ತಿ ನನ್ನ ಎಲೆಯ ಅಂಚಿಗೆ ಇಟ್ಟು, ಊಟ ಮುಂದುವರಿಸಿದರು. ಅದಾದ ಮೇಲೆ ಇನ್ನೆರಡು ಹಬ್ಬ ಆ ಟ್ರ್ಯಾಕ್ಟರ್ ನಮ್ಮ ಹಿತ್ತಿಲಲ್ಲಿತ್ತು, ತಾತನೂ ಇದ್ದರು.