ಬೂದಿಯ ಫರಸಿ ಹೊತ್ತು ನಾಗಣಸೂರಿಗೆ

ವಿಜಯಪುರದ ಬಸ್ಸು ಭೀಮೆಯನ್ನು ದಾಟಿ ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ನನ್ನನ್ನು ಕರೆದೊಯ್ಯಲು ನಿಲ್ದಾಣಕ್ಕೆ ಗೆಳತಿ ಶೈಲಜಾ ಬಂದಿದ್ದಳು. ಅವಳ ಮನೆಯವರು ತಲೆಮಾರುಗಳಿಂದ ಬಟ್ಟೆ ವ್ಯಾಪಾರಿಗಳು. ಇವಳು ಮಾತ್ರ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಜೇಡಿಮಣ್ಣಿಗೆ ಬೆರೆಸಿ, ಒತ್ತಿ, ಸುಟ್ಟು, ನೆಲಕ್ಕೆ ಹಾಸುವ ಫರಸಿ ಮಾಡುತ್ತಾಳೆ.

"ಚಹಾ ಆಮ್ಯಾಲ. ಫರಸಿ ಸುಟ್ಟ ಭಟ್ಟಿ ಆರೇದ, ಬಾಗಲಾ ತೆಗೀಬೇಕು," ಎಂದಳು.

ಆತುರಕ್ಕೆ ಕಾರಣವಿತ್ತು. ಅಕ್ಕಲಕೋಟ ತಾಲೂಕಿನ ನಾಗಣಸೂರಿನ ರೈತ ಮಲ್ಲಿನಾಥರ ಹೊಸ ಅಡುಗೆಮನೆಗೆ ಅವಳು ಕೊಟ್ಟಿದ್ದ ಮೊದಲ ಫರಸಿಗಳು ಒಳಗೆ ಗುಳ್ಳೆ ಕಟ್ಟಿ, ಹಾಸಿದ ಮೇಲೆ ಕಾಲಡಿ ಬಿರಿದಿದ್ದವು. ಎಲ್ಲವನ್ನೂ ಕೀಳಿಸಬೇಕಾಯಿತು. ಬೂದಿಯಲ್ಲಿ ಉಳಿದ ಕಲ್ಲಿದ್ದಲ ಪುಡಿ ಸುಟ್ಟುಹೋಗುವ ಮೊದಲೇ ತಾನು ಉರಿ ಏರಿಸಿದ್ದೆನೆಂದು ಆಮೇಲೆ ತಿಳಿದುಕೊಂಡಳು. ಈ ಸಲ ನಡುವೆ ಉರಿ ತಡೆದು, ಗಾಳಿ ಬಿಟ್ಟು ಕಾದಿದ್ದಳು.

ನೇರ ಅಲ್ಲಿಗೇ ಹೋದೆವು. ಭಟ್ಟಿಯಿಂದ ತೆಗೆದ ಮೊದಲ ಫರಸಿಯನ್ನೇ ಸುತ್ತಿಗೆಯಿಂದ ಒಡೆದಳು. ನಾನು ಬೆಚ್ಚಿದೆ. ಒಡೆದ ಅಂಚು ಪೂರ್ತಿ ಒಂದೇ ಬಣ್ಣ. ಕಪ್ಪು ತಿರುಳಿಲ್ಲ, ಗುಳ್ಳೆಯಿಲ್ಲ. "ಆತು ನೋಡ! ಟೆಂಪೋ ತುಂಬ್ರಿ," ಎಂದು ಆಳುಗಳಿಗೆ ಕೂಗಿದಳು.

ಅಕ್ಕಲಕೋಟ ನಲವತ್ತು ಕಿಲೋಮೀಟರು. ದಾರಿಯಲ್ಲಿ ನಿಂತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಅಕ್ಕಲಕೋಟ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಪ್ರತಿ ಕುಲುಕಿಗೂ ನಾನು ಹಿಂದೆ ತಿರುಗುತ್ತಿದ್ದೆ, ಅವಳು ತಿರುಗಲಿಲ್ಲ.

ನಾಗಣಸೂರಿನಲ್ಲಿ ಮಲ್ಲಿನಾಥರ ತಾಯಿ ಗೌರವ್ವ ಬಾಗಿಲಲ್ಲೇ ತಡೆದರು.

"ಹ್ವಾದ ಸಲಾನೂ ಹಿಂಗ ಚಂದ ಕಂಡಿದ್ವು, ತಂಗಿ. ಬೂದಿ ನಾವು ತಿಪ್ಪಿಗಿ ಚೆಲ್ತೀವಿ. ನೀ ಒಲಿ ಮುಂದ ಹಾಸ್ತೀನಂತಿ."

"ಬೂದಿ ಈಗ ಕಲ್ಲಾಗೇದ್ರಿ, ಅವ್ವಾರ. ನೀವ ಪರೀಕ್ಷಾ ಮಾಡ್ರಿ."

ಗೌರವ್ವ ಸಂಕೋಚಪಡಲಿಲ್ಲ. ಅಂಗಳದ ಮರಳ ಮೇಲೆ ಫರಸಿ ಇಟ್ಟು, ಕಬ್ಬಿಣದ ಕುಟ್ಟಾಣಿಯನ್ನು ಸೊಂಟದೆತ್ತರದಿಂದ ಬಿಟ್ಟರು. ಠಣ್ಣೆಂದಿತು, ಬಿರಿಯಲಿಲ್ಲ. ಒಳಗೆ ಹೋಗಿ ಒಗ್ಗರಣೆಯ ಬಿಸಿ ಎಣ್ಣೆ ತಂದು ಸುರಿದರು. ಸೆರಗಿನಿಂದ ಒರೆಸಿ, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದರು. ಕಲೆ ಉಳಿದಿರಲಿಲ್ಲ.

"ಮಲ್ಲೂ, ಫರಸಿ ಹಾಸೂ ಗೌಂಡಿನ ಕರಿ," ಎಂದರು ಮಗನಿಗೆ. ಶೈಲಜಾ ಆಗ ಮೊದಲ ಸಲ ಕಟ್ಟೆಯ ಮೇಲೆ ಕೂತು ನೀರು ಕೇಳಿದಳು.

ಸಂಜೆ ಹೊರಟಾಗ ಟೆಂಪೋದಿಂದ ತಿರುಗಿ ನೋಡಿದೆ. ತೆರೆದ ಬಾಗಿಲಿನೊಳಗೆ ಗೌಂಡಿ ಸಾಲು ನೇರ ಬರಲೆಂದು ದಾರ ಎಳೆಯುತ್ತಿದ್ದ. ಗೌರವ್ವ ಒಲೆಯ ಜಾಗಕ್ಕೆ ಕೈ ತೋರಿಸುತ್ತಿದ್ದರು: "ಇಲ್ಲಿಂದ ಸುರು ಮಾಡು."