ಬಿಟಿಎಂ ಲೇಔಟಿನ ನೇಟಿವ್ ಕಾಲಮ್ಮು

ಕೆನಡಾದಲ್ಲಿ ಹುಟ್ಟಿ ಬೆಳೆದ ಮೊಮ್ಮಗಳನ್ನು ಬಿಟಿಎಂ ಲೇಔಟಿನ ಪಿ.ಜಿ.ಗೆ ಸೇರಿಸಲು ಮದ್ದೂರಿನಿಂದ ಬಸ್ಸಿನಲ್ಲಿ ಬಂದೆ. ಅವಳ ಅಪ್ಪನ ಕಡೆಯವರು ಜಮೈಕಾದವರು; ಅವಳಿಗೂ ಅವರದೇ ಕಪ್ಪು ಬಣ್ಣ, ಗುಂಗುರು ಕೂದಲು. ರಿಜಿಸ್ಟರಿನ ನೇಟಿವ್ ಕಾಲಮ್ಮಿನಲ್ಲಿ ಅವಳು ಕೆನಡಾ ಎಂದು ಬರೆದಳು. ಮ್ಯಾನೇಜರ್ ಅದಕ್ಕೆ ಗೀಟು ಹಾಕಿದ.

“ಕೆನಡಾದವ್ರು ಬೆಳ್ಳಗಿರ್ತಾರೆ ಮೇಡಂ. ನಿಜವಾದ ನೇಟಿವ್ ಹೇಳಿ.”

“ನನ್ನ ಕ್ಲಾಸಲ್ಲಿ ಎಲ್ರ ಅಜ್ಜೀರೂ ಬೇರೆ ಬೇರೆ ದೇಶದವ್ರು ಅಂಕಲ್. ಆದ್ರೆ ನಾವೆಲ್ಲ ಕೆನಡಾದವ್ರೇ.”

ಅವನು ಕೇಳಿಸಿಕೊಳ್ಳಲಿಲ್ಲ. ನನ್ನ ಊರು ಕೇಳಿ, ಮದ್ದೂರು ಎಂದು ಬರೆದ. ಹುಡುಗಿಯ ಮುಖ ಸಪ್ಪಗಾಯಿತು.

“ಮದ್ದೂರು ನಂದು ಕಣಯ್ಯ. ಅವ್ಳು ಅಲ್ಲಿದ್ದಿದ್ದು ನಾಲ್ಕು ದಿನ,” ಎಂದು ಪೆನ್ನು ಕಿತ್ತುಕೊಂಡೆ. ನನ್ನೂರಿಗೆ ನಾನೇ ಗೀಟು ಹಾಕಿ, ಮೂರನೇ ಕ್ಲಾಸಿಗೇ ನಿಂತ ನನ್ನ ದಪ್ಪಕ್ಷರದಲ್ಲಿ ಕೆನಡಾ ಎಂದು ಬರೆದೆ.

“ಈಗ ರೂಮಿನ ಕೀ ಕೊಡು.”