ಧೈರ್ಯ ಪ್ರಶಸ್ತಿಯ ಫ್ಲೆಕ್ಸ್‌ನಲ್ಲಿ ಒಂದು ಮುಖ

ನಾನು ನಿವೃತ್ತಳಾಗುವ ಹಿಂದಿನ ವರ್ಷ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಮಲ್ಲತ್ತಹಳ್ಳಿ ಸುತ್ತಮುತ್ತಲಿನ ಕೆಲವು ಬಡಾವಣೆಗಳು ನಮ್ಮ ವ್ಯಾಪ್ತಿಗೆ ಬರುತ್ತಿದ್ದವು. ಸರ್ವಿಸ್‌ನಲ್ಲಿ ಯಾವತ್ತಾದರೂ ಹೆದರಿದ್ದೀರಾ ಮೇಡಂ ಎಂದು ಈಗಲೂ ಜನ ಕೇಳುತ್ತಾರೆ. ಕೊಲೆ, ದರೋಡೆ, ಕಲ್ಲುತೂರಾಟ ಎಲ್ಲ ನೋಡಿದವಳು ನಾನು. ಆದರೆ ಕೈಕಾಲು ತಣ್ಣಗಾಗುವಷ್ಟು ಹೆದರಿದ್ದು ಒಂದು ಸನ್ಮಾನ ಸಮಾರಂಭದ ದಿನ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಸನ್ಮಾನ ಇದ್ದದ್ದು ಗೌರಮ್ಮನವರಿಗೆ. ಅವರು ಆ ವಾರ್ಡಿನ ಮಾಜಿ ಕಾರ್ಪೊರೇಟರ್, ಹಳೇ ಊರಿನ ಒಕ್ಕಲು ಮನೆತನದವರು. ಮಾತು ಒರಟು. ಆದರೆ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದವರಲ್ಲ. ಅವರ ವಾರ್ಡಿನಲ್ಲಿ ಒಂದು ರಾಜಕಾಲುವೆ ಇತ್ತು. ರಾಜಕಾಲುವೆ ಎಂದರೆ ಮಳೆನೀರನ್ನು ಕೆರೆಗೆ ಸಾಗಿಸುವ ದೊಡ್ಡ ಕಾಲುವೆ. ಅದಕ್ಕೆ ಒಡೆದ ಕಟ್ಟಡಗಳ ಮಣ್ಣು, ಇಟ್ಟಿಗೆ ಚೂರು ಸುರಿದು ಮುಚ್ಚಿ ಸೈಟು ಮಾಡಲು ಹೊರಟವನು ಅವರದೇ ಪಕ್ಷದ ಮುಖಂಡನೊಬ್ಬನ ಬಾಮೈದ. ಮಳೆ ಹೊಡೆದಾಗ ತಗ್ಗಿನ ಬೀದಿಗಳ ಮನೆಗಳಿಗೆ ನೀರು ನುಗ್ಗಿತು. ಸುಮ್ಮನಿದ್ದರೆ ಮುಂದಿನ ಸಲವೂ ಟಿಕೆಟ್ ನಿಮಗೇ ಎಂದು ಪಕ್ಷದವರು ಹೇಳಿದರು. ಗೌರಮ್ಮ ಸೀದಾ ಠಾಣೆಗೆ ಬಂದು, ಮುಖಂಡನ ಹೆಸರು, ಬಾಮೈದನ ಹೆಸರು ಎರಡನ್ನೂ ಬರೆಸಿ ದೂರು ಕೊಟ್ಟರು. ಟಿಕೆಟ್ ಕನಸು ಅವತ್ತೇ ಮುಗಿಯಿತು. ಆ ವಾರವೇ ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು.

ಕಲ್ಲು ಬಿದ್ದದ್ದು ಗೌರಮ್ಮನ ಮನೆಗೆ. ಕೇಸು ನಿಂತದ್ದು ಮಾತ್ರ ನಂಜುಂಡಿಯ ಸಾಕ್ಷಿಯ ಮೇಲೆ. ಅವನು ಕೆಂಗೇರಿ ಆಚೆಯ ಒಂದು ಹಳ್ಳಿಯವನು, ಅದೇ ಕಾಲುವೆಗೆ ಮಣ್ಣು ಸುರಿಯುತ್ತಿದ್ದ ಟಿಪ್ಪರ್ ಓಡಿಸುತ್ತಿದ್ದವನು. ನೀರು ನುಗ್ಗಿದ ಮರುದಿನ ಅಜ್ಜಿಯೊಬ್ಬರನ್ನು ಮಂಚದ ಸಮೇತ ಹೊತ್ತು ತರುತ್ತಿದ್ದುದನ್ನು ನೋಡಿದನಂತೆ. ಅವತ್ತು ಊಟ ಸೇರಲಿಲ್ಲ ಮೇಡಂ ಎಂದಿದ್ದ ನನ್ನ ಹತ್ತಿರ. ಮೊದಲು ಗೌರಮ್ಮನ ಹತ್ತಿರ ಹೇಳಿಕೊಂಡು, ಆಮೇಲೆ ಠಾಣೆಗೆ ಬಂದು ಯಾರು ಕರೆಸಿದರು, ಎಲ್ಲಿ ಸುರಿಯಲು ಹೇಳಿದರು, ಎಲ್ಲವನ್ನೂ ಬಿಡಿಸಿ ಹೇಳಿಕೆ ಕೊಟ್ಟ. ಅವನು ಕೋರ್ಟಿನಲ್ಲಿ ಸಾಕ್ಷಿ ಹೇಳುವವರೆಗೆ ಹೆಸರು ಹೊರಬರಬಾರದೆಂದು ನಾವು ಆದೇಶವನ್ನೂ ಪಡೆದಿದ್ದೆವು. ಇದನ್ನು ಸಾಕ್ಷಿ ಸಂರಕ್ಷಣೆ ಎನ್ನುತ್ತಾರೆ. "ನಿನ್ನ ಹೆಸರು ಆಚೆ ಬರಲ್ಲ ಕಣಪ್ಪ, ನಾನಿದೀನಿ" ಎಂದು ಅವನಿಗೆ ಮಾತು ಕೊಟ್ಟವಳು ನಾನು.

ಹೀಗಿರುವಾಗ ಬಡಾವಣೆಯ ನಿವಾಸಿಗಳ ಸಂಘದವರು ಗೌರಮ್ಮನವರಿಗೆ 'ಜನಸೇವಾ ಧೈರ್ಯ ಪ್ರಶಸ್ತಿ' ಕೊಡಲು ತೀರ್ಮಾನಿಸಿದರು. ಸಂಘದ ಕಾರ್ಯದರ್ಶಿ ಶಿವಲಿಂಗಯ್ಯ, ನಿವೃತ್ತ ಪಿ.ಟಿ. ಮೇಷ್ಟ್ರು. ಈಗಲೂ ಕೊರಳಲ್ಲಿ ಸೀಟಿ ಇದ್ದಂತೆಯೇ ಮಾತಾಡುವವರು. ಬಂದೋಬಸ್ತ್ ಕೇಳಲು ಠಾಣೆಗೆ ಬಂದಾಗ, "ಸ್ವಂತ ಪಕ್ಷದವರ ವಿರುದ್ಧ ನಿಂತ ಹೆಣ್ಣುಮಗಳು ಮೇಡಂ. ನಾವು ಮರ್ಯಾದೆ ಮಾಡ್ದೆ ಇನ್ಯಾರು ಮಾಡ್ತಾರೆ?" ಎಂದರು. ನನಗೂ ಖುಷಿಯಾಯಿತು. ಸಮಾರಂಭ ಒಂದು ಭಾನುವಾರ ಸಂಜೆ ಸಮುದಾಯ ಭವನದಲ್ಲಿ ಎಂದು ಗೊತ್ತಾಯಿತು.

ಆ ಭಾನುವಾರ ಬೆಳಗ್ಗೆ ಹೆಡ್ ಕಾನ್‌ಸ್ಟೆಬಲ್ ರಂಗಸ್ವಾಮಿಯ ಜೊತೆ ಜೀಪಿನಲ್ಲಿ ಒಂದು ಸುತ್ತು ಹಾಕಲು ಹೋದೆ. ಬಡಾವಣೆಯ ಸರ್ಕಲ್‌ನಲ್ಲಿ ದೊಡ್ಡ ಫ್ಲೆಕ್ಸ್ ನಿಂತಿತ್ತು. ನಮ್ಮ ಊರಿನ ಫ್ಲೆಕ್ಸ್ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಮಧ್ಯದಲ್ಲಿ ಗೌರಮ್ಮ ಕೈಮುಗಿದು ನಿಂತಿದ್ದಾರೆ. ಕೆಳಗೆ 'ಶುಭ ಕೋರುವವರು' ಎಂದು ಸಾಲಾಗಿ ಸಣ್ಣ ಸಣ್ಣ ಫೋಟೋಗಳು, ಪ್ರತಿ ಫೋಟೋದ ಕೆಳಗೆ ಹೆಸರು. ಸಂಘದ ಅಧ್ಯಕ್ಷರು, ಖಜಾಂಚಿ, ಮೇಷ್ಟ್ರು, ಹಿಟ್ಟಿನ ಗಿರಣಿಯ ಪುಟ್ಟತಾಯಮ್ಮ. ಸಾಲಿನ ಕೊನೆಯಲ್ಲಿ ನಗುನಗುತ್ತಾ ಒಂದು ಮುಖ. ಕೆಳಗೆ: 'ಶ್ರೀ ನಂಜುಂಡಿ, ಟಿಪ್ಪರ್ ಚಾಲಕರು'.

ಜೀಪಿನ ಬಾಗಿಲು ಹಿಡಿದುಕೊಂಡೇ ನಿಂತೆ. ಬಾಮೈದನ ಕಡೆಯ ಹುಡುಗರು ದಿನಾ ಟೀ ಕುಡಿಯುತ್ತಿದ್ದ ಅಂಗಡಿ ಆ ಫ್ಲೆಕ್ಸ್‌ಗೆ ಎದುರಾಗಿಯೇ ಇತ್ತು.

ಮೇಷ್ಟ್ರನ್ನು ಅಲ್ಲಿಗೇ ಕರೆಸಿದೆ. "ಯಾರ್ರೀ ಇವನ ಫೋಟೋ ಹಾಕಿದ್ದು?" ಎಂದು ಗದರಿಸಿದರೆ ಅವರು ಹೆಮ್ಮೆಯಿಂದಲೇ ಹೇಳಿದರು: "ನಾನೇ ಮೇಡಂ. ಗೌರಮ್ಮನೇ ಒಂದ್ಸಲ ಅಂದಿದ್ರು, ನಂಜುಂಡಿ ಇಲ್ದಿದ್ರೆ ಏನೂ ಆಗ್ತಿರ್ಲಿಲ್ಲ ಅಂತ. ಗೌರಿ ಹಬ್ಬಕ್ಕೆ ಅವರ ಮನೇಲಿ ತೆಗೆದ ಗ್ರೂಪ್ ಫೋಟೋ ಇತ್ತು. ಅದರಿಂದ ತೆಗ್ಸಿದೆ. ಪಾಪ, ಅವನೊಬ್ಬನ್ನ ಬಿಟ್ರೆ ಬೇಜಾರ್ ಮಾಡ್ಕೊಳಲ್ವಾ?"

ಏನು ಹೇಳಲಿ ಈ ಮನುಷ್ಯನಿಗೆ? ಫ್ಲೆಕ್ಸ್‌ನಲ್ಲಿ ಒಬ್ಬರ ಮುಖ ಬಿಟ್ಟುಹೋದರೆ ಮದುವೆಗೆ ಕರೆಯದಷ್ಟು ಅವಮಾನ ಎಂದು ತಿಳಿದ ಊರು ಇದು. ಅವರು ಮಾಡಿದ್ದು ಪ್ರೀತಿಯಿಂದಲೇ. ವಿಷಯ ಏನೆಂದು ಮೆಲ್ಲಗೆ ಹೇಳಿದೆ. ಮೇಷ್ಟ್ರು ಅಲ್ಲೇ ಫುಟ್‌ಪಾತ್ ಕಲ್ಲಿನ ಮೇಲೆ ಕುಸಿದು ಕೂತರು.

ಅಷ್ಟರಲ್ಲಿ ರಂಗಸ್ವಾಮಿ ಜೇಬಿನಿಂದ ಬ್ಲೇಡು ತೆಗೆದು, "ಆ ಮೂತಿ ಒಂದನ್ನ ಕೊಯ್ದಾಕ್ಬಿಡ್ಲಾ ಮೇಡಂ?" ಎಂದ.

"ಸುಮ್ನಿರೋ ಮಾರಾಯ! ಅಲ್ಲಿ ತೂತು ಮಾಡಿದ್ರೆ ಇವನೇ ಅಂತ ಬೊಟ್ಟು ಮಾಡಿ ತೋರ್ಸಿದ ಹಾಗಾಗುತ್ತೆ" ಎಂದೆ. ಅನುಮತಿ ಇಲ್ಲದ ಫ್ಲೆಕ್ಸ್ ಎಂಬ ಕಾರಣ ಹೇಳಿ ಪೂರ್ತಿ ಇಳಿಸಿ, ಸುತ್ತಿ ಜೀಪಿಗೆ ಹಾಕಿಸಿದೆ. ಆದರೆ ಹಿಂದಿನ ಸಂಜೆಯಿಂದಲೇ ಅದು ಅರ್ಧ ಬಡಾವಣೆಯ ವಾಟ್ಸ್‌ಆಪ್ ಸ್ಟೇಟಸ್‌ನಲ್ಲಿ ಓಡಾಡುತ್ತಿತ್ತು. ಫ್ಲೆಕ್ಸ್ ಇಳಿಸಿದೆ, ಸುದ್ದಿಯನ್ನು ಹೇಗೆ ಇಳಿಸಲಿ?

ನಂಜುಂಡಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ ಉತ್ತರ. ಅವನ ಊರಿಗೆ ಒಬ್ಬ ಪೇದೆಯನ್ನು ಕಳಿಸಿದೆ. ಮನೆಗೆ ಬೀಗ, ಹೆಂಡತಿ ಮಗಳೂ ಇಲ್ಲ, ಬೆಳಗ್ಗೆಯೇ ಗಡಿಬಿಡಿಯಲ್ಲಿ ಹೊರಟರಂತೆ ಎಂದು ಅವನು ಅಲ್ಲಿಂದ ತಿಳಿಸಿದ. ಯಾರ ಜೊತೆ ಹೊರಟರು, ಎಲ್ಲಿಗೆ, ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಕಂಟ್ರೋಲ್ ರೂಮಿಗೆ ಹೇಳಿದೆ, ಅಕ್ಕಪಕ್ಕದ ಠಾಣೆಗಳಿಗೆ ಅವನ ಬೈಕಿನ ವಿವರ ಕೊಟ್ಟೆ. ಆ ದಿನವಿಡೀ ವೈರ್‌ಲೆಸ್ ಗೊರಗುಟ್ಟಿದಾಗಲೆಲ್ಲ ಯಾವುದೋ ಮೋರಿಯಲ್ಲಿ ಹೆಣ ಸಿಕ್ಕಿದೆ ಎನ್ನುತ್ತಾರೇನೋ ಎಂದು ಜೀವ ಬಾಯಿಗೆ ಬರುತ್ತಿತ್ತು.

ಗೌರಮ್ಮನ ಮನೆಗೆ ಹೋದೆ. ಸಂಜೆಗೆಂದು ಮಂಚದ ಮೇಲೆ ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಇತ್ತು. ಸುದ್ದಿ ಕೇಳಿ ಆ ಗಟ್ಟಿ ಹೆಂಗಸು ಗಳಗಳ ಅತ್ತುಬಿಟ್ಟರು. "ನನ್ನ ಬಾಯಿಗಿಷ್ಟು ಬೆಂಕಿ ಹಾಕ! ನಾನ್ಯಾಕೆ ಮೇಷ್ಟ್ರ ಹತ್ರ ಅವನ ಹೆಸರೆತ್ತಿದೆ? ನಂಗೆ ಯಾವ ಪ್ರಶಸ್ತಿನೂ ಬ್ಯಾಡ ಮೇಡಂ. ಕ್ಯಾನ್ಸಲ್ ಮಾಡ್ಸಿ."

ನಾನೂ ಅದನ್ನೇ ಹೇಳಲು ಹೋಗಿದ್ದೆ. ಆದರೆ ಕಣ್ಣೊರೆಸಿಕೊಂಡ ಮೇಲೆ ಅವರೇ ನನ್ನನ್ನು ತಡೆದರು. "ಇರಿ. ಈಗ ಬಾಗಿಲು ಹಾಕ್ಕೊಂಡು ಕೂತ್ರೆ ನಾವು ಹೆದರಿದೀವಿ ಅಂತ ಅವರಿಗೆ ಗೊತ್ತಾಗುತ್ತೆ. ಆಮೇಲೆ ಅವನನ್ನ ಬಿಡ್ತಾರಾ? ಎಂಟತ್ತು ಮುಖದಲ್ಲಿ ಅವನೊಬ್ಬ ಕಂಡ. ಇಡೀ ಏರಿಯಾ ಮುಖ ಹಾಕ್ಸೋಣ. ಇವನನ್ನ ಮುಟ್ಟಿದ್ರೆ ಇಷ್ಟೂ ಜನಾನ ಮುಟ್ಟಿದ ಹಾಗೆ ಅಂತ ತಿಳೀಲಿ."

ಪೊಲೀಸ್ ಲೆಕ್ಕದಲ್ಲಿ ಇದು ಹುಚ್ಚು ಯೋಚನೆ. ಆದರೆ ನನ್ನ ಬಳಿ ಬೇರೆ ಯೋಚನೆಯೇ ಇರಲಿಲ್ಲ. ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿದೆ: ನಂಜುಂಡಿ ಸಿಕ್ಕಿ, ಅವನನ್ನು ಕೇಳದೆ, ಹೊಸ ಫ್ಲೆಕ್ಸ್‌ನಲ್ಲಿ ಅವನ ಮುಖ ಹಾಕುವಂತಿಲ್ಲ.

ಮೇಷ್ಟ್ರು ಸಂಘದ ಗ್ರೂಪಿನಲ್ಲಿ ಹಾಕಿದರು: 'ಗೌರಮ್ಮನವರ ಜೊತೆ ನಿಲ್ಲುವವರು ಕೂಡಲೇ ಫೋಟೋ, ಹೆಸರು, ಕೆಲಸ ಕಳಿಸಿ. ವೇದಿಕೆಯ ಹಿಂದೆ ಹಾಕುತ್ತೇವೆ.' ಕಾರಣ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಬೆಳಗ್ಗೆ ಪೊಲೀಸರು ಫ್ಲೆಕ್ಸ್ ಇಳಿಸಿದ್ದನ್ನು ಎಲ್ಲರೂ ನೋಡಿದ್ದರು, ಗಾಳಿ ಎತ್ತ ಬೀಸುತ್ತಿದೆ ಎಂದು ಅವರಿಗೂ ಗೊತ್ತಿತ್ತು.

ತುಂಬ ಹೊತ್ತು ಯಾರೂ ಉಸಿರೆತ್ತಲಿಲ್ಲ. ಎಲ್ಲರೂ ಓದಿದ್ದಾರೆ, ನೀಲಿ ಗೆರೆ ಬಿದ್ದಿದೆ, ಒಬ್ಬರದೂ ಫೋಟೋ ಇಲ್ಲ. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸುವವರೆಲ್ಲ ಎಲ್ಲಿ ಹೋದರೋ. ಇಬ್ಬರು ಗ್ರೂಪ್ ಬಿಟ್ಟೇ ಹೋದರು. ಗೌರಮ್ಮ ಸೀರೆಯ ಅಂಚು ತೀಡುತ್ತಾ ಕೂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಕೊನೆಗೆ ಪುಟ್ಟತಾಯಮ್ಮನ ಧ್ವನಿ ಸಂದೇಶ ಬಂತು. "ಮೇಷ್ಟ್ರೇ, ನನ್ನ ಹಳೇ ಫೋಟೋ ಚೆನ್ನಾಗಿರ್ಲಿಲ್ಲ. ಇದನ್ನ ಹಾಕಿ." ಜೊತೆಗೆ ಗಿರಣಿಯ ಮುಂದೆ, ತಲೆತುಂಬ ರಾಗಿಹಿಟ್ಟಿನ ಧೂಳು ಮೆತ್ತಿಕೊಂಡು ನಿಂತ ಫೋಟೋ. ಅದರ ಹಿಂದೆಯೇ ಒಬ್ಬ ಬಸ್ ಕಂಡಕ್ಟರ್. ಆಮೇಲೆ ನೀರು ನುಗ್ಗಿದ ಬೀದಿಯವರು ಒಬ್ಬೊಬ್ಬರಾಗಿ. ಮಂಚದ ಮೇಲೆ ಹೊತ್ತು ತಂದಿದ್ದ ಅಜ್ಜಿಯ ಫೋಟೋವನ್ನು ಮೊಮ್ಮಗಳು ಕಳಿಸಿದಳು. ಮೇಷ್ಟ್ರು ವಿಜಯನಗರದ ಪ್ರಿಂಟಿಂಗ್ ಅಂಗಡಿಯವನ ತಲೆ ತಿಂದು ಸಂಜೆಯೊಳಗೆ ಫ್ಲೆಕ್ಸ್ ಮಾಡಿಸಿಕೊಂಡು ಬಂದರು.

ಭವನದಲ್ಲಿ ಅದನ್ನು ಬಿಚ್ಚಿ ಕಟ್ಟಿದಾಗ ಸಾಲು ಸಾಲಾಗಿ ನೋಡುತ್ತಾ ಹೋದೆ. ಮೂರನೇ ಸಾಲಿನಲ್ಲಿ ನಮ್ಮ ಯಜಮಾನರು! 'ನಿವೃತ್ತ ಗಣಿತ ಶಿಕ್ಷಕರು, ಬಸವೇಶ್ವರನಗರ.' ಊಟಕ್ಕೆ ಕಾಯಬೇಡಿ ಎಂದು ಹೇಳಲು ಫೋನ್ ಮಾಡಿದಾಗ, ಇಲ್ಲಿ ಫೋಟೋ ಕೂಡಿಸುತ್ತಿದ್ದಾರೆ ಎಂದಷ್ಟೇ ಬಾಯಿಬಿಟ್ಟಿದ್ದೆ. ನನಗೆ ಹೇಳದೆ ಮೇಷ್ಟ್ರಿಗೆ ಕಳಿಸಿಬಿಟ್ಟಿದ್ದಾರೆ. ಫೋನ್ ಮಾಡಿ ಬೈದೆ. "ನೀನು ಯೂನಿಫಾರಂನಲ್ಲಿದೀಯ, ನೀನು ಹಾಕೋ ಹಾಗಿಲ್ಲ. ನಾನು ಹಾಕ್ಬೋದಲ್ಲ" ಎಂದರು. ಕೋಪಕ್ಕಿಂತ ಹೆಚ್ಚು ಭಯವಾಯಿತು. ಅಷ್ಟು ಹೊತ್ತು ಬೇರೆಯವರ ಮನೆಗಾಗಿ ಹೆದರುತ್ತಿದ್ದೆ, ಈಗ ನಮ್ಮ ಮನೆಯೂ ಆ ಸಾಲಿಗೆ ಸೇರಿತ್ತು.

ಜನ ಬಂದರು. ಬಾಮೈದನ ಕಡೆಯ ನಾಲ್ಕೈದು ಹುಡುಗರೂ ಬಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತರು. ಅವರಲ್ಲೊಬ್ಬ ಬಿಳಿ ಅಂಗಿಯವನು ಮೊಬೈಲ್ ಎತ್ತಿ ಫ್ಲೆಕ್ಸ್‌ನ ಸಾಲು ಸಾಲನ್ನೂ ಫೋಟೋ ತೆಗೆದುಕೊಂಡ. ಆಮೇಲೆ ಗೌರಮ್ಮನ ಹತ್ತಿರ ಬಂದು, "ಏನಕ್ಕಾ, ಇಡೀ ಏರಿಯಾನೇ ಹಾಕ್ಸ್‌ಬಿಟ್ಟಿದೀರಾ?" ಎಂದು ಹಲ್ಲು ಕಿರಿದ.

"ಹೂಂ ಕಣಪ್ಪ, ಜಾಗ ಸಾಲ್ಲಿಲ್ಲ. ನಿಂದೂ ಹಾಕ್ಬೇಕಿತ್ತಾ?" ಎಂದರು ಗೌರಮ್ಮ. ಮುಂದಿನ ಸಾಲಿನವರು ನಕ್ಕರು.

ನಂಜುಂಡಿಯ ಸುಳಿವು ಇನ್ನೂ ಇರಲಿಲ್ಲ. ಸ್ವಾಗತ ಭಾಷಣ ಅರ್ಧಕ್ಕೆ ಬಂದಿತ್ತು. ಆಗ ಪಕ್ಕದ ಬಾಗಿಲಿನಿಂದ ಇಸ್ತ್ರಿ ಗೆರೆ ಹಾಗೇ ಇದ್ದ ಅಂಗಿ ತೊಟ್ಟು ಅವನು ಒಳಗೆ ಬಂದ. ಅವನನ್ನು ಎಳೆದುಕೊಂಡು ಹೋಗಿ ಅಡುಗೆಮನೆಯಲ್ಲಿ ನಿಲ್ಲಿಸಿ, "ಎಲ್ಲೋ ಹಾಳಾಗಿ ಹೋಗಿದ್ದೆ?" ಎಂದು ಕೂಗಿದೆ.

"ಬೆಳಗ್ಗೆ ಒಂದು ಫೋನ್ ಬಂತು ಮೇಡಂ. 'ಫ್ಲೆಕ್ಸಲ್ಲಿ ಚೆನ್ನಾಗಿ ಕಾಣ್ತೀಯಲ್ಲೋ' ಅಂದ. ಅಷ್ಟೇ. ಫೋನ್ ಆಫ್ ಮಾಡಿ, ಹೆಂಡ್ತಿ ಮಗಳನ್ನ ಅವರ ಅಜ್ಜಿ ಊರಿಗೆ ಬಿಟ್ಟು ಬಂದೆ" ಎಂದ. ಗೌರಮ್ಮ ವೇದಿಕೆಯಿಂದಲೇ ನೋಡಿದ್ದರು, ಮೇಷ್ಟ್ರ ಜೊತೆ ಓಡಿಬಂದರು. ನಂಜುಂಡಿ ಬಾಗಿಲ ಸಂದಿಯಿಂದ ವೇದಿಕೆಯ ಕಡೆ ಇಣುಕಿ ಸಾಲು ಸಾಲನ್ನೂ ಹುಡುಕಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಅಕ್ಕಾ, ನನ್ನ ಫೋಟೋ ಎಲ್ಲಿ? ಎಲ್ಲರದೂ ಇದೆ, ನಂದೊಂದೇ ತೆಗೆದುಬಿಟ್ರಾ?"

ಇಡೀ ದಿನ ಅವನ ಪ್ರಾಣಕ್ಕಾಗಿ ಬಡಿದಾಡಿದ ನಾವು ಅವನ ಮನಸ್ಸನ್ನು ನೋಯಿಸಿದ್ದೆವು. ನಾನು ಕೇಳಿದೆ: "ಹಿಂದಿನ ಸಾಲಲ್ಲಿ ಯಾರು ಕೂತಿದಾರೆ ನೋಡಿದ್ಯಾ? ಗೊತ್ತಿದ್ದೂ ಹಾಕ್ಸ್ಕೊಳ್ತೀಯಾ?"

"ಮೊದಲು ನನ್ನನ್ನ ಕೇಳ್ದೆ ಹಾಕಿದ್ರಿ, ಹೆಂಡ್ತಿ ಮಗಳನ್ನ ಕರ್ಕೊಂಡು ಓಡ್ದೆ. ಈಗ ಕೇಳ್ತಾ ಇದೀರಲ್ಲ ಮೇಡಂ. ಹಾಕಿ."

ಜೀಪಿನಲ್ಲಿ ಸುತ್ತಿಟ್ಟಿದ್ದ ಹಳೇ ಫ್ಲೆಕ್ಸ್ ತರಿಸಿದೆ. ರಂಗಸ್ವಾಮಿ ಬೆಳಗ್ಗಿನ ಅದೇ ಬ್ಲೇಡು ತೆಗೆದು, ಹೆಸರಿನ ಸಮೇತ ಆ ಮುಖವನ್ನು ಹುಷಾರಾಗಿ ಕತ್ತರಿಸಿದ. ಗೌರಮ್ಮ ತಮ್ಮ ಸೆರಗಿನ ಪಿನ್ನು ಕಿತ್ತುಕೊಂಡು ವೇದಿಕೆಗೆ ಹೋದರು. ಭಾಷಣ ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ಫ್ಲೆಕ್ಸ್‌ನ ನಟ್ಟನಡುವೆ, ತಮ್ಮ ಫೋಟೋದ ಪಕ್ಕದಲ್ಲೇ ಅದನ್ನು ಸಿಕ್ಕಿಸಿದರು. ಮೊದಲು ಚಪ್ಪಾಳೆ ತಟ್ಟಿದವರು ಪುಟ್ಟತಾಯಮ್ಮ. ಆಮೇಲೆ ಇಡೀ ಭವನ. ಹಿಂದಿನ ಸಾಲಿನವರು ಕುರ್ಚಿ ಒದ್ದು ಎದ್ದು ಹೋದರು. ಪ್ರಶಸ್ತಿ ತೆಗೆದುಕೊಳ್ಳುವಾಗ ಗೌರಮ್ಮ ಭಾಷಣ ಮಾಡಲಿಲ್ಲ. "ನಂಗೆ ಇವತ್ತು ತುಂಬ ಭಯ ಆಗಿತ್ತು. ನೀವೆಲ್ಲ ಬಂದ್ರಿ" ಎಂದಷ್ಟೇ ಹೇಳಿ ಕೈಮುಗಿದರು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಕೆಲವೇ ದಿನಗಳಲ್ಲಿ ನಂಜುಂಡಿಯ ಟಿಪ್ಪರ್‌ನ ಗಾಜು ಒಡೆದರು. ಮೇಷ್ಟ್ರ ಮನೆಗೂ ಬೆದರಿಕೆ ಕರೆ ಬಂತು. ನಂಜುಂಡಿಯ ಊರಿಗೆ ಕಾವಲು ಹಾಕಿಸಿದೆ. ಆದರೆ ಅವನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ ದಿನ ಬಡಾವಣೆಯವರು ಒಂದು ಟೆಂಪೋ ಮಾಡಿಕೊಂಡು ಬಂದು ಹೊರಗೆ ಕಾದಿದ್ದರು. ಅವನು ತಡವರಿಸದೆ ಹೇಳಿದ. ಕೇಸು ಇನ್ನೂ ನಡೆಯುತ್ತಿದೆ. ಕಾಲುವೆಯ ಮಣ್ಣನ್ನಂತೂ ತೆಗೆಸಿದ್ದಾರೆ.

ಸಾಕ್ಷಿಯನ್ನು ಕಾಯುವುದೆಂದರೆ ಬಚ್ಚಿಡುವುದು ಎಂದೇ ನಾನು ಸರ್ವಿಸ್ ಪೂರ್ತಿ ನಂಬಿದ್ದೆ. ಈಗಲೂ ಬಚ್ಚಿಡಬೇಕು ಎಂದೇ ಕಿರಿಯ ಅಧಿಕಾರಿಗಳಿಗೆ ಹೇಳುತ್ತೇನೆ. ಆದರೆ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ: ಅವನನ್ನೂ ಒಂದು ಮಾತು ಕೇಳಿ. ಧೈರ್ಯ ಅವನದು, ಅದನ್ನು ಏನು ಮಾಡಬೇಕೆಂದು ಹೇಳುವ ಹಕ್ಕೂ ಅವನದೇ.

ಇನ್ನು ನನ್ನ ಭಯ, ಅದು ಪಿಂಚಣಿಯ ಜೊತೆ ಮನೆಗೆ ಬಂದಿದೆ. ಮೊಬೈಲ್‌ನಲ್ಲಿ ನಂಜುಂಡಿಯ ಹೆಸರು ಕಂಡರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಅದು ಅವನಿಗೂ ಗೊತ್ತು. ಹಬ್ಬಕ್ಕೋ, ಮಗಳ ರಿಸಲ್ಟ್ ಹೇಳಲಿಕ್ಕೋ ಫೋನ್ ಮಾಡಿದಾಗ ನಮಸ್ಕಾರಕ್ಕಿಂತ ಮುಂಚೆ ಅವನು ಹೇಳುವುದು ಒಂದೇ ಮಾತು.

"ಏನೂ ಆಗಿಲ್ಲ ಮೇಡಂ. ಸುಮ್ನೆ ಮಾಡ್ದೆ."